ಚಂದ್ರ ಬಾರದ ಊರಿನಲ್ಲಿ ಭಾವನ ಸಂಕಷ್ಟಿ

ಚಂದ್ರನಿಗಾಗಿ ಜಗಳ ಕಾಯುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅವರೊಂದಿಗೆ ಒಂದೇ ಮಂಚದಲ್ಲಿ ಮಲಗಿದ್ದೇನೆ! ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಒಂಟಿಯಾಗಿರುವ ನನ್ನ ಭಾವನವರೇ ಅವರು, ನನ್ನ ಅಕ್ಕನ ಗಂಡ.

ನೀವು ಏನಾದರೂ ತಿಳಿದುಕೊಳ್ಳುವ ಮುಂಚೆ ಮಂಚದ ವಿಷಯ ಹೇಳಿಬಿಡುತ್ತೇನೆ. ನಾರ್ವೆಯ ಉತ್ತರದ ತುದಿಯಲ್ಲಿ ಬೇಸಿಗೆಯಿಡೀ ಸೂರ್ಯ ಮುಳುಗದ ಊರೊಂದಿದೆ. ಅಪ್ಪ ಅಮ್ಮ ನೋಡಿ ಬರಲಿ ಎಂದು ಭಾವನ ಮಗಳು ಪ್ರವಾಸ ಬುಕ್ ಮಾಡಿದ್ದಳು. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಳು. ಪ್ರವಾಸವನ್ನು ಮರುವರ್ಷಕ್ಕೆ ಮುಂದೂಡಿದ ಹುಡುಗಿ ಮೆಲ್ಬರ್ನ್‌ನ ವೆರಿಬೀಯಲ್ಲಿದ್ದ ನನ್ನನ್ನು ಹಿಡಿದಳು: "ಅಪ್ಪ ಒಬ್ರೇ ಹೋಗಲ್ಲ ಮಾವ, ಪ್ಲೀಸ್, ನೀವು ಹೋಗಿ." ನಾನು ಒಳ್ಳೆಯವನೆಂದು ಹೂಂ ಅನ್ನಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಹಬ್ಬಕ್ಕೊಂದು ಫೋನ್ ಮಾಡಿ ಕೈತೊಳೆದುಕೊಂಡವನು ನಾನು. ಮೆಲ್ಬರ್ನ್‌ನಿಂದ ಸಿಡ್ನಿಗೆ ವಿಮಾನವೇ ಇಲ್ಲವೇನೋ ಎಂಬಂತೆ ಇದ್ದುಬಿಟ್ಟಿದ್ದೆ. ಆ ನಾಚಿಕೆಗೆ ಹೂಂ ಅಂದೆ.

ಅಕ್ಕನ ಬದಲು ನಾನು ಬರುತ್ತೇನೆಂದು ಹೋಟೆಲಿಗೆ ತಿಳಿಸಲು ಮಾತ್ರ ಹುಡುಗಿ ಮರೆತಿದ್ದಳು. ಕೋಣೆಯ ಬಾಗಿಲು ತೆರೆದರೆ ಒಂದೇ ಮಂಚ! ಅದರ ಮೇಲೆ ಟವೆಲ್‌ನಲ್ಲಿ ಮಡಚಿಟ್ಟ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿವೆ. ಭಾವ ಸೊಂಟಕ್ಕೆ ಕೈಯಿಟ್ಟು ನೋಡಿದರು.

"ಇದ್ರಲ್ಲಿ ನೀನು ಯಾವುದು ಮಾರಾಯ?"

ಆ ಊರನ್ನು ಭಾವ ಮೆಚ್ಚಿದ್ದು ಹಿಮಕ್ಕಲ್ಲ, ಸಮುದ್ರಕ್ಕಲ್ಲ. ಅಲ್ಲಿ ಹೋಟೆಲಿನ ಬಾಗಿಲಲ್ಲೇ ಎಲ್ಲರೂ ಶೂ ಕಳಚಿಡಬೇಕು. "ಕಂಡ್ಯಾ? ದೇವಸ್ಥಾನದ ಹಾಗೆ! ಮರ್ಯಾದಸ್ಥರ ಊರು ಇದು," ಎಂದು ತಮ್ಮ ಶೂಗಳನ್ನು ತೀರಾ ಮೂಲೆಗೆ ಬಚ್ಚಿಟ್ಟರು. ದೇವಸ್ಥಾನದ ಅನುಭವವೇ ಹಾಗಲ್ಲವೆ!

ಇಷ್ಟಾದ ಮೇಲೆ ತಿಂಡಿಗೆ ಕರೆದೆ.

"ನಂಗೆ ಬೇಡ. ಇವತ್ತು ಸಂಕಷ್ಟಿ."

ದಿನವಿಡೀ ಉಪವಾಸವಿದ್ದು ಚಂದ್ರನನ್ನು ಕಂಡ ಮೇಲೆ ಊಟ ಮಾಡುವ ಈ ವ್ರತ ಅಕ್ಕನದಾಗಿತ್ತು. ಭಾವ ಅವಳೆದುರೇ ಕೂತು ಗೋಳಿಬಜೆ ತಿನ್ನುತ್ತಾ, "ನಿನ್ನ ಗಣಪತಿಗೆ ಒಂದು ಟಾರ್ಚ್ ಕೊಡಿಸು, ಚಂದ್ರನನ್ನು ಹುಡುಕಿಯಾನು," ಎಂದು ರೇಗಿಸುತ್ತಿದ್ದವರು. ಈಗ ಅವರೇ ವ್ರತ ಹಿಡಿದಿದ್ದಾರೆ! ಕೇಳಿದರೆ, "ಅವಳದ್ದು ಅರ್ಧಕ್ಕೆ ನಿಂತದ್ದು. ಬಿಡ್ಲಿಕ್ಕೆ ಆಗ್ತದಾ?" ಎಂದರು. ಭಾವನ ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ ಇದೆ ನೋಡಿ.

ಚಂದ್ರ ಯಾವಾಗ ಬರುತ್ತಾನೆಂದು ಕೇಳಲು ಸ್ವಾಗತದ ಮೇಜಿಗೆ ಹೋದೆವು. ತುಳುವನ್ನು ನಿಧಾನವಾಗಿ ಆಡಿದರೆ ಪ್ರಪಂಚದಲ್ಲಿ ಯಾರಿಗೂ ಅರ್ಥವಾಗುತ್ತದೆ ಎಂಬುದು ಭಾವನ ಸಿದ್ಧಾಂತ. "ಚಂದ್ರೆ... ಏಪ... ಬರ್ಪೆ?" ಎಂದರು. ಮೇಜಿನ ಹುಡುಗಿ ಕಣ್ಣು ಬಿಟ್ಟಳು. ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ನಾನು ಬಿಡಿಸಿ ಹೇಳಿದೆ. ಅವಳು ಒಳಗಿದ್ದವನನ್ನು ತಮ್ಮ ಭಾಷೆಯಲ್ಲಿ ಕೇಳಿದಳು. ಅವನು ಏನೇನೋ ಅಂದ, ನಡುನಡುವೆ "ಇಕ್ಕೆ, ಇಕ್ಕೆ" ಅಂದ. ಈ ಕೆಲವು ದಿನ ಚಂದ್ರ ಇಲ್ಲಿ ಮೇಲೆ ಬರುವುದೇ ಇಲ್ಲ ಎಂದು ಅವಳು ತಿಳಿಸಿದಳು.

ಭಾವ ಕುಣಿದಾಡಿದರು. "ಕೇಳಿದ್ಯಾ? ಇಕ್ಕೆ! 'ಇಲ್ಲ'ಕ್ಕೆ ನಮ್ಮ ತುಳುವಿನ 'ಇಜ್ಜಿ'ಯೇ ಅದು! ಇವ್ರೆಲ್ಲ ನಮ್ಮವ್ರೇ ಮಾರಾಯ!"

"ಅರ್ಥ ಆಯ್ತಲ್ಲ ಭಾವ. ಚಂದ್ರ ಇಲ್ಲ. ಊಟ ಮಾಡುವ ಬನ್ನಿ."

"ಅವ್ಳು ಹೇಳಿದ್ರೆ ಆಯ್ತಾ? ಚಂದ್ರನಿಗೆ ಗೊತ್ತುಂಟಾ?"

ಕೋಣೆಗೆ ಬಂದು ಕಿಟಕಿಯ ಪಕ್ಕ ಕೂತರು. ನಾನೊಂದು ತಪ್ಪೊಪ್ಪಿಗೆ ಇಲ್ಲೇ ಮಾಡಬೇಕು. ಬೀದಿಯಿಂದ ಚಂದ್ರ ಕಾಣುತ್ತಾನೋ ನೋಡಿ ಬರುತ್ತೇನೆಂದು ಹೊರಟವನು ನೇರ ಕೆಫೆಗೆ ಹೋಗಿ ಬ್ರೆಡ್ಡು, ಜಾಮು ಹೊಡೆದು ಬಂದೆ. ಭಾವ ನನ್ನ ಮುಖ ನೋಡಿ ಸಮಾಧಾನದಿಂದ ಅಂದರು: "ಚಂದ್ರ ಸಿಕ್ಕಿದ ಹಾಗೆ ಉಂಟು. ಮೀಸೆ ಮೇಲೆ ಕೂತಿದ್ದಾನೆ."

ಸಂಜೆಯಾಯಿತು. ಸಂಜೆ ಎಂದದ್ದು ಗಡಿಯಾರ ಮಾತ್ರ. ಸೂರ್ಯ ಆಕಾಶದಲ್ಲಿ ಸ್ವಲ್ಪ ಕೆಳಗೆ ಸರಿದು ಹಾಗೇ ನಿಂತಿದ್ದ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಇಷ್ಟು ಬೆಳಕಿದ್ದೂ ಇಷ್ಟು ಖಾಲಿ ಇರುವ ಊರನ್ನು ನಾನು ಕಂಡಿರಲಿಲ್ಲ. ಭಾವನ ಮಗಳ ಫೋನ್ ಬಂತು. ಉಪವಾಸದ ವಿಷಯ ಹೇಳಿದೆ. "ಮಾವ, ಬೆಳಿಗ್ಗೆ ಟ್ಯಾಬ್ಲೆಟ್ ತಗೊಂಡಿದ್ದಾರೆ. ಊಟ ಮಾಡ್ದೆ ಇದ್ರೆ ಶುಗರ್ ಲೋ ಆಗತ್ತೆ. ಹೇಗಾದ್ರೂ ತಿನ್ಸಿ, ಪ್ಲೀಸ್!" ತಿರುಗಿ ನೋಡಿದರೆ ಭಾವನ ಹಣೆಯಲ್ಲಿ ಬೆವರು.

ಮನೆಯಿಂದ ತಂದಿದ್ದ ಅವಲಕ್ಕಿಯನ್ನು ಬಿಸಿನೀರಲ್ಲಿ ನೆನೆಸಿ, ಬೆಲ್ಲ ಕಲಸಿ ಮುಂದಿಟ್ಟೆ. ಬೇಡಿದೆ, ಬೈದೆ, ಕೊನೆಗೆ ಅಕ್ಕನ ಆಣೆ ಹಾಕಿದೆ. ಭಾವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾನೂ ಅತ್ತ ನೋಡಿದೆ. ಎದುರಿನ ಬೋಳು ಬೆಟ್ಟದ ಮೈಯಲ್ಲಿ, ಕರಗದೆ ಉಳಿದ ಹಿಮದ ತುಣುಕೊಂದು ದುಂಡಗೆ ಬೆಳ್ಳಗೆ ಅಂಟಿಕೊಂಡಿತ್ತು.

"ಭಾವ! ಅಗೋ! ಬಂದ, ಬೆಟ್ಟದ ಹತ್ರ!"

ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಈಗ ನನಗೆ ಬೈಗುಳ ಖಂಡಿತ ಎಂದುಕೊಂಡೆ. ಅವರು ಎದ್ದು ನಿಂತು ಆ ಹಿಮಕ್ಕೆ ಕೈಮುಗಿದರು. ಕೂತು ಬಟ್ಟಲನ್ನು ಹತ್ತಿರ ಎಳೆದುಕೊಂಡರು.

"ನಂಬಿದ್ರಾ?" ತಡೆಯಲಾರದೆ ಕೇಳಿಬಿಟ್ಟೆ.

"ಹಿಮ ಯಾವ್ದು ಅಂತ ಗೊತ್ತಾಗ್ಲಿಕ್ಕೆ ಕಣ್ಣುಂಟು ನಂಗೆ." ಒಂದು ತುತ್ತು ನುಂಗಿದರು. "ಮೋಡ ಮುಚ್ಚಿದ ದಿನ ನಿನ್ನ ಅಕ್ಕನಿಗೆ ನಾನೂ ಹೀಗೇ ಹೇಳ್ತಿದ್ದೆ. ಹಿತ್ತಲಿಗೆ ಹೋಗಿ ಸುಮ್ನೆ ನಿಂತು ಬಂದು, 'ಬಂದ ಬಂದ, ಊಟ ಮಾಡು' ಅಂತ. ಅವ್ಳಿಗೆ ಗೊತ್ತಿತ್ತು. ಆದ್ರೂ ಊಟ ಮಾಡ್ತಿದ್ಳು."

"ಈಗ ಮನೆಯಲ್ಲಿ ಮೋಡ ಇದ್ರೆ ಎಂತ ಮಾಡ್ತೀರಿ ಭಾವ?"

"ಎಂತ ಮಾಡೋದು? ಹಾಗೇ ಮಲಗ್ತೇನೆ."

ನಾನು ಅವರ ಬಟ್ಟಲಿಗೆ ಇನ್ನಷ್ಟು ಅವಲಕ್ಕಿ ಹಾಕಿದೆ. ಬೇಡವೆನ್ನಲಿಲ್ಲ.