ಮಾವನ ದೊಣ್ಣೆ, ನನ್ನ ಕಣ್ಣು

ನಮ್ಮ ಮಾವ, ಅಂದರೆ ಅವ್ವನ ತಮ್ಮ, ಬಂದರೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡೇ ದಾರಿ ಬಿಡುತ್ತದೆ. ಗೌರವಕ್ಕಲ್ಲ, ದೊಣ್ಣೆಗೆ! ಆಳುದ್ದದ ಬಿದಿರು ದೊಣ್ಣೆ ಬಿಟ್ಟು ಅವನು ಸಂಡಾಸಿಗೂ ಹೋದವನಲ್ಲ. ಒಮ್ಮೆ ಹನೂರಿನ ಬಸ್ಸಿನಲ್ಲಿ ಕಂಡಕ್ಟರ್ ಕೇಳಿಯೇಬಿಟ್ಟ.

"ಯಜಮಾನ್ರೇ, ಇದ್ಕೂ ಒಂದ್ ಟಿಕೇಟ್ ತಕಳಿ."

"ಅದು ನಿಂತ್ಕಂಡೇ ಬತ್ತದ ಕಣಪ್ಪ, ಸೀಟ್ ಕೇಳಕಿಲ್ಲ."

ಮಾವ ಹಗಲು ಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಸಂಜೆ ಗರಡಿಯಲ್ಲಿ ಹುಡುಗರಿಗೆ ದೊಣ್ಣೆವರಸೆ ಕಲಿಸುತ್ತಿದ್ದ. ನನ್ನನ್ನೂ ಎಳೆದುಕೊಂಡು ಹೋದ. ಯಾಕೆ? ಮಧುವನಹಳ್ಳಿಯಿಂದ ರೇಷ್ಮೆಗೂಡಿನ ಮೂಟೆ ತರುವಾಗ ನಾಯಿ ಬೊಗಳಿತೆಂದು ನಾನು ಮೂಟೆ ಬಿಸಾಕಿ ಓಡಿಬಂದಿದ್ದೆ. ನಾಯಿ ಕಟ್ಟಿಹಾಕಿದ್ದರಂತೆ. ಆಮೇಲೆ ಗೊತ್ತಾಯಿತು!

ನನಗೆ ಭಯ. ದೊಣ್ಣೆ ಎದ್ದರೆ ಸಾಕು, ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ಪ್ರತಿಯೊಬ್ಬನೂ ಮಾವನ ಒಂದೇ ಒಂದು ಏಟು ತಡೆಯಬೇಕು. ಕಣ್ಣು ಮುಚ್ಚಿದವನ ಕೈಯಿಂದ ದೊಣ್ಣೆ ಕಿತ್ತು ಪೊರಕೆ ಕೊಡುತ್ತಿದ್ದರು. ಮುಂದಿನ ಪೂಜೆಯವರೆಗೂ ಗರಡಿ ಗುಡಿಸುವುದು ಅವನ ಪಾಲು. ಮೊದಲ ವರ್ಷ ಗುಡಿಸಿದವನು ಯಾರು ಅಂತ ಹೇಳಬೇಕೇ?

"ಈ ಸಲವೂ ಕಣ್ ಮುಚ್ಚುದ್ರೆ ನೀನು ಗರಡೀಗೆ ಬರದೇ ಬ್ಯಾಡ, ಓಗು" ಅಂದ ಮಾವ. ಅಷ್ಟು ಹೇಳಿ, ಬೆಳಗಿನ ಹೊತ್ತು ನನ್ನೊಬ್ಬನಿಗೇ ಬೇರೆ ಪಾಠ ಶುರು ಮಾಡಿದ.

ಎಲ್ಲಿ? ನಮ್ಮ ಬೀದಿಯಲ್ಲಿ! ಬೆಳಿಗ್ಗೆ ಬೀದಿಯುದ್ದಕ್ಕೂ ಸೀರೆಯ ಹಾಸಿನ ನೂಲು ಎಳೆದು ಕಟ್ಟಿರುತ್ತಾರೆ. ಎರಡು ಹಾಸಿನ ನಡುವೆ ನನ್ನನ್ನು ನಿಲ್ಲಿಸಿ ದೊಣ್ಣೆ ತಿರುಗಿಸು ಅಂದ.

"ಒಂದೆಳೆ ಕಡುದ್ರೆ ನಿಮ್ಮವ್ವ ನಿನ್ನ ಬುಡಕಿಲ್ಲ, ನಿಮ್ಮತ್ತೆ ನನ್ನ ಬುಡಕಿಲ್ಲ. ಉಷಾರು!"

ಅತ್ತೆ ಬಾಗಿಲಲ್ಲೇ ಕಣ್ಣಿಟ್ಟು ಕೂತಿದ್ದಳು. ದೊಣ್ಣೆಗಿಂತ ಆ ಕಣ್ಣಿನದೇ ಹೆಚ್ಚು ಭಯ! ಬರಬರುತ್ತಾ ಎಳೆಗೆ ಗಾಳಿಯೂ ತಾಗದ ಹಾಗೆ ತಿರುಗಿಸಲು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಸಂಜೆ ಗರಡಿಯಲ್ಲಿ ನನ್ನ ದೊಣ್ಣೆ ಯಾರಿಗೂ ತಾಗಲೇ ಇಲ್ಲ.

"ಏನ್ಲಾ, ಸೊಳ್ಳೆ ಓಡುಸ್ತಿದ್ದೀಯಾ?" ಅಂದ ಎದುರಿಗಿದ್ದವನು. ಅಂದವನೇ ನನ್ನ ಮಂಡಿಗೆ ಬಾರಿಸಿದ. ಎಲ್ಲರೂ ನಕ್ಕರು.

ನನಗೆ ರೇಗಿತು. "ಮಾವ, ಬೆಳಿಗ್ಗೆ ಮುಟ್ಬ್ಯಾಡ ಅಂತೀಯ, ಸಂಜೆ ಮುಟ್ಟು ಅಂತೀಯ. ಯಾವ್ದು ಸರಿ ಯೋಳು!"

"ಎರಡೂ ಸರಿ ಕಣ್ಲಾ. ನಿನ್ ಕೈ ನಿನ್ ಮಾತ್ ಕೇಳ್ಲಿ ಅಂತ ಬೆಳಿಗ್ಗೆ. ಇನ್ನೊಬ್ನ ಕೈ ನಿನ್ ಮಾತ್ ಕೇಳಕಿಲ್ಲ ಅಂತ ಗೊತ್ತಾಗ್ಲಿ ಅಂತ ಸಂಜೆ."

"ಕಣ್ಣು?"

"ಅದು ಯಾರ ಮಾತೂ ಕೇಳಕಿಲ್ಲ" ಅಂದ. ಯಾಕೋ ಆ ಹೊತ್ತು ನನ್ನ ಮುಖ ನೋಡಲಿಲ್ಲ.

ಆಯುಧಪೂಜೆ ಬಂತು. ದೊಣ್ಣೆಗಳಿಗೆ ಕುಂಕುಮ, ಹೂವು. ಮೂಲೆಯಲ್ಲಿ ಪೊರಕೆಗೂ ಹೂವು! ಒಬ್ಬೊಬ್ಬರದೇ ಆಯಿತು. ನನ್ನ ಸರದಿ ಬಂತು. ಎಲ್ಲರೂ ನನ್ನ ಕಣ್ಣನ್ನೇ ನೋಡುತ್ತಿದ್ದರು. ಮಾವನ ದೊಣ್ಣೆ ಮೇಲೆದ್ದಿತು. ಅದನ್ನು ನೋಡಲಾರದೆ ನಾನು ಅವನ ಮುಖ ನೋಡಿದೆ.

ಮಾವ ಕಣ್ಣು ಬಿಗಿಯಾಗಿ ಮುಚ್ಚಿದ್ದ!

ಕಣ್ಣು ಮುಚ್ಚಿ ಹೊಡೆಯುವವನ ಮುಂದೆ ಯಾವನು ತಾನೇ ಕಣ್ಣು ಮುಚ್ಚುತ್ತಾನೆ? ಬಿಟ್ಟ ಕಣ್ಣು ಬಿಟ್ಟಂತೆಯೇ ದೊಣ್ಣೆ ಅಡ್ಡ ಕೊಟ್ಟೆ. ಠಕ್!

"ಏಟ್ ಬಿತ್ತೇನ್ಲಾ?" ಮಾವ ಮೆಲ್ಲಗೆ ಕೇಳಿದ. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಇಲ್ಲ ಮಾವ, ತಡ್ದೆ."

ಆಗ ಕಣ್ಣು ಬಿಟ್ಟ. ಒದ್ದೆಯಾಗಿತ್ತು. "ನಮ್ಮಕ್ಕುಂಗೆ ಇರದು ನೀನೊಬ್ನೇ ಕಣ್ಲಾ" ಅಂದ, ನನಗೆ ಮಾತ್ರ ಕೇಳುವ ಹಾಗೆ.

ಹುಡುಗರು ಕೂಗಿ ನನ್ನನ್ನು ಎತ್ತಿ ಕುಣಿಸಿದರು. ಇಳಿದವನೇ ಮೂಲೆಗೆ ಹೋಗಿ ಪೊರಕೆ ತೆಗೆದುಕೊಂಡೆ.

"ಗೆದ್ ಮ್ಯಾಲೂ ಯಾಕ್ಲಾ ಗುಡುಸ್ತೀಯ?" ಅಂದ ಹುಡುಗರಲ್ಲೊಬ್ಬ.

"ಸುಮ್ನಿರ್ಲಾ" ಅಂದೆ.

ಕಣ್ಣು ಮುಚ್ಚಿದವನಿಗೆ ತಾನೇ ಪೊರಕೆ? ಮಾವನ ಪಾಲಿನದು ನಾನು ಗುಡಿಸಿದೆ.