ಉಣ್ಣೆ ಮುಟ್ಟಿದ ಬಾಣ

ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಗಂಡ ಪೆಂಜೋರ್ ನನ್ನ ಮಾತನ್ನು ಕಿವಿಗೊಟ್ಟು ಕೇಳಿದ್ದು ಕಡಿಮೆ. ಬಿದಿರಿನ ಬಾಣಗಳ ಮಾತನ್ನು ಮಾತ್ರ ದಿನವೂ ಕೇಳುತ್ತಾನೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಬಾಗಿಸಿ, ಅದು ಚಿಟ್ ಅಂದೀತೇನೋ ಎಂದು ಉಸಿರು ಬಿಗಿಹಿಡಿದು ಕಾಯುತ್ತಾನೆ. (ನನ್ನ ಸೊಂಟ ಎರಡು ವರ್ಷದಿಂದ ಚಿಟ್ ಅನ್ನುತ್ತಿದೆ. ಅದಕ್ಕೆ ಪರೀಕ್ಷೆಯಿಲ್ಲ.)

ಈ ಮಹಾಪರೀಕ್ಷೆ ನಡೆಯುವುದು ಒಲೆಯ ಮುಂದೆ, ನಾನು ಅಡುಗೆಗಿಡುವ ಹೊತ್ತಿಗೇ. ನಮ್ಮ ಬುಮ್ತಾಂಗ್ ಕಣಿವೆಯಲ್ಲಿ ಹೆಂಗಸು ಬಾಣವನ್ನು ಮುಟ್ಟಬಾರದು, ದಾಟಬಾರದು, ಗುರಿ ತಪ್ಪುತ್ತದೆ. ಹೀಗಾಗಿ ಮೆಣಸಿನಕಾಯಿ ಒಂದು ಕಡೆ, ಚೀಸ್ ಇನ್ನೊಂದು ಕಡೆ, ನಡುವೆ ನಾಲ್ಕು ಬಾಣಗಳ ಶಯನೋತ್ಸವ. ನಾನು ಗೋಡೆ ಸವರಿಕೊಂಡು ಪ್ರದಕ್ಷಿಣೆ ಬರುತ್ತೇನೆ.

"ಸ್ವಲ್ಪ ಆ ಕಡೆ ಇಟ್ಕೋಬಾರ್ದಾ ಮಾರಾಯ?"

"ಬೆಳಕು ಇಲ್ಲೇ ಇರೋದು ಕಣೇ."

ದೋಷ ಬೆಳಕಿನದಲ್ಲ, ಕಣ್ಣಿನದು. ಅವನಿಗೀಗ ನಲವತ್ತೆಂಟು. ಕನ್ನಡಕ ಹಾಕಿಕೊಂಡರೆ ಬಿಲ್ಲುಪಂದ್ಯದಲ್ಲಿ ಎದುರಾಳಿಗಳ ಹೆಂಡಂದಿರು ಹಂಗಿಸಿ ಹಾಡು ಕಟ್ಟುತ್ತಾರೆಂಬ ಭಯ. (ಕಟ್ಟುತ್ತಾರೆ. ನಾನಾಗಿದ್ದರೂ ಕಟ್ಟುತ್ತಿದ್ದೆ.) ನನ್ನ ಭಯ ಬೇರೆ. ಹೋದ ವರ್ಷ ನನ್ನ ತಂಗಿಯ ಗಂಡ ಸಿಂಗ್ಯೆ ಬಿರುಕುಬಿಟ್ಟ ಬಾಣ ಹೂಡಿದ್ದ. ಹೆದೆ ಬಿಟ್ಟೊಡನೆ ಅದು ಸೀಳಿ, ಗೇಣುದ್ದದ ಬಿದಿರು ಅವನ ಎಡಗೈಯಲ್ಲೇ ಉಳಿಯಿತು. ಆ ಬೆರಳುಗಳು ಇಂದಿಗೂ ಮಡಚುವುದಿಲ್ಲ.

ಹೊಸ ವರ್ಷದ ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಪೆಂಜೋರ್ ಬಾಣಗಳನ್ನು ಹರಡಿಟ್ಟು ಹಸುವಿಗೆ ಹುಲ್ಲು ಹಾಕಲು ಹೋದ. ಆಗ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ನಾನು ನೇಯುವವಳು. ಮಗ್ಗದ ಬುಟ್ಟಿಯಿಂದ ಹಿಂಜಿದ ಉಣ್ಣೆಯ ಎಳೆ ತಂದು, ಎರಡೂ ತುದಿ ಹಿಡಿದು, ಬೆರಳು ತಾಗದಂತೆ ಒಂದೊಂದು ಬಾಣದ ಮೇಲೂ ಎಳೆದೆ. ಮೂರು ಬಾಣಗಳ ಮೇಲೆ ಎಳೆ ನುಣ್ಣಗೆ ಜಾರಿತು. ನಾಲ್ಕನೆಯದು, ಕೆಂಪು ಗರಿಯದು, ಎರಡನೇ ಗೆಣ್ಣಿನ ಕೆಳಗೆ ಎಳೆಯನ್ನು ಹಿಡಿದುಕೊಂಡಿತು. ಕೂದಲಿನಷ್ಟು ತೆಳುವಾದ ಸೀಳು.

ಮುಟ್ಟಿದಳೆಂಬ ಮಾತು ಬಾರದಂತೆ ಹೇಗೆ ಹೇಳಲಿ ಎನ್ನುವಷ್ಟರಲ್ಲಿ ಅವನು ಬಂದು, ಮೊನೆ ಕೆಳಗೆ ಮಾಡಿ ಬಾಣಗಳನ್ನು ಬತ್ತಳಿಕೆಗಿಳಿಸಿ, ತಂಡದವರು ಮಲಗುವ ಕೊಟ್ಟಿಗೆಗೆ ಹೊರಟ. ಪಂದ್ಯದ ಮುನ್ನಾದಿನ ಬಿಲ್ಲುಗಾರ ಹೆಂಡತಿಯ ಹತ್ತಿರ ಮಲಗುವಂತಿಲ್ಲ.

"ನಾಳೆ ಕೆಂಪು ಗರಿಯದು ಬೇಡ."

"ಯಾಕೆ?"

"ಯಾಕೋ."

"ಬಾಣದ ವಿಷಯ ನಿಂಗ್ಯಾಕೆ? ನಾಳೆ ಚೆನ್ನಾಗಿ ಹಾಡು, ಸಾಕು."

ಮರುದಿನ ನಾವು ಹೆಂಗಸರು ಮೈದಾನದ ಅಂಚಿನಲ್ಲಿ ಸಾಲಾಗಿ ನಿಂತು ಎದುರು ತಂಡವನ್ನು ಹಾಡಿನಲ್ಲಿ ಹಂಗಿಸುತ್ತಿದ್ದೆವು. ಒಬ್ಬನ ಬೊಜ್ಜಿನ ಮೇಲೆ ಎರಡು ಸಾಲು ಮುಗಿದಿತ್ತು. ಅಷ್ಟರಲ್ಲಿ ಪೆಂಜೋರ್ ಮುಂದೆ ಬಂದ. ಕೈಯಲ್ಲಿ ಕೆಂಪು ಗರಿ. ಮುಂದಿನ ಸಾಲುಗಳು ನನ್ನ ಬಾಯಿಂದ ತಾವಾಗಿ ಬಂದವು:

"ನಮ್ಮೆಜಮಾನ್ರ ಕೆಂಪು ಗರಿ, ಗೆಣ್ಣಿನ್ ಕೆಳಗೆ ಸೀಳಿದೆ ನೋಡಿ,
ಕಣ್ಣು ಮಂಜಾದ್ ಜಾಣ್ರೇ ಕೇಳಿ, ಕೈ ಬೇಕಾದ್ರೆ ಕೆಳಗಿಡಿ."

ಹಾಡು ನಿಂತಿತು. ಎರಡೂ ತಂಡಗಳು ನಿಂತವು. ಪೆಂಜೋರ್ ಬಾಣವನ್ನು ಕಿವಿಗೆ ಹಿಡಿದು ಬಾಗಿಸಿದ. ಅದು ಚಿಟ್ ಅನ್ನುವ ಗೋಜಿಗೆ ಹೋಗದೆ ನೇರವಾಗಿ ಎರಡು ತುಂಡಾಯಿತು.

"ಮುಟ್ಟಿದ್ಯಾ?" ಅವನ ಸ್ವರ ಸಣ್ಣದಾಗಿತ್ತು. ಮುಟ್ಟಿದ್ದರೆ ಉಳಿದ ಮೂರೂ ಮೈಲಿಗೆ, ಅವನು ಆಟದಿಂದ ಹೊರಗೆ.

"ನಾನು ಮುಟ್ಟಿಲ್ಲ. ಉಣ್ಣೆ ಮುಟ್ಟಿತು."

ತಂಡದ ಹಿರಿಯ, ನಾವೆಲ್ಲ ಗೌರವದಿಂದ ‘ಆಪ್’ ಎನ್ನುವ ಗೆಂಬೊ, ಎಲೆಯಡಿಕೆ ಅಗಿಯುತ್ತಾ ಬಹಳ ಹೊತ್ತು ಯೋಚಿಸಿ ತೀರ್ಪಿತ್ತ. "ಉಣ್ಣೆ ಕುರೀದು. ಕುರಿ ಮುಟ್ಬಾರ್ದು ಅಂತ ಯಾರೂ ಹೇಳಿಲ್ಲ."

ಪೆಂಜೋರ್ ಆಡಿದ. ಎರಡು ಬಾಣ ಗುರಿಗೆ ನೆಟ್ಟ. ಹತ್ತು ಬೆರಳುಗಳೊಂದಿಗೆ ಮನೆಗೆ ಬಂದ. ನನಗೆ ಬೇಕಿದ್ದದ್ದು ಅಷ್ಟೇ.

ಮೂರನೇ ದಿನ ಬೆಳಿಗ್ಗೆ ಹಿಂಬಾಗಿಲಲ್ಲಿ ಆಪ್ ಗೆಂಬೊ ನಿಂತಿದ್ದ, ಬತ್ತಳಿಕೆ ಸಮೇತ. "ಏನಿಲ್ಲಮ್ಮ, ನಿನ್ನ ಕುರಿ ನಮ್ಮದನ್ನೂ ಒಮ್ಮೆ ನೋಡ್ಲಿ." ಮಧ್ಯಾಹ್ನದೊಳಗೆ ಉಳಿದ ಒಂಬತ್ತು ಜನ ಬಂದರು. ನಲವತ್ತಮೂರು ಬಾಣಗಳು. ಪೆಂಜೋರ್ ಬೆಣ್ಣೆ ಚಹಾ ಹಿಡಿದು ಮೇಲ್ವಿಚಾರಣೆಗೆ ಕೂತ.

"ಮೆಲ್ಲಗೆ ಎಳಿ. ಅದು ಹಳೇ ಬಿದಿರು."

"ನೀನೇ ನೋಡ್ಬಾರ್ದಾ?"

"ನಿನ್ನಷ್ಟು ಚೆನ್ನಾಗಿ ಯಾರು ನೋಡ್ತಾರೆ ಹೇಳು."

(ಹತ್ತೊಂಬತ್ತು ವರ್ಷದಲ್ಲಿ ಮೊದಲ ಹೊಗಳಿಕೆ.)

ಈಗ ಅಭ್ಯಾಸದಲ್ಲಿ ಗುರಿ ತಪ್ಪಿದವರೆಲ್ಲ ಬಂದು ಕೇಳುತ್ತಾರೆ, "ಅಕ್ಕ, ಸರಿಯಾಗಿ ನೋಡಿದ್ರಾ?" ಒಂದು ಎಡಗೈ ಉಳಿಸಲು ಹೊರಟವಳು ನಾನು, ಹನ್ನೊಂದು ಎಡಗೈಗಳು ನನ್ನ ಕೊರಳಿಗೆ ಬಿದ್ದಿವೆ. ಕೊನೆಗೊಂದು ಉಪಾಯ ಹೂಡಿದೆ.

"ಉಣ್ಣೆ ಮುಗೀತು," ಎಂದೆ ಪೆಂಜೋರನಿಗೆ.

"ಗೊತ್ತಿತ್ತು," ಎಂದು ಅವನು ಕಿಟಕಿಯತ್ತ ಗದ್ದ ಎತ್ತಿ ತೋರಿಸಿದ.

ಅಂಗಳದಲ್ಲಿ, ತಂಡದವರೆಲ್ಲ ಸೇರಿ ತಂದು ಕಟ್ಟಿದ ಕುರಿಯೊಂದು ನನ್ನ ಮೂಲಂಗಿ ಸೊಪ್ಪನ್ನು ಮೇಯುತ್ತಿತ್ತು.