ಒಲಿ ಆರದ ಮನಿ

ಭಾಷಣ ಮಾಡುವವನಿಗೆ ಒಂದೇ ಲೋಟ ನೀರು ಕೊಡಬೇಕು. ಎರಡನೇ ಲೋಟ ಕೊಟ್ಟಿರೋ, ಕೆಟ್ಟಿರಿ. ಶಿಗ್ಗಾಂವಿಯ ತರುಣ ಸಂಘದವರು ರಾಘಣ್ಣ ಮಾಸ್ತರನಿಗೆ ಎರಡನೇ ಲೋಟ ಕೊಟ್ಟರು. ಆದರೆ ಕೆಟ್ಟದ್ದು ಸಂಘದವರಲ್ಲ, ರಾಘಣ್ಣ.

ಹಾಕಿಯೊಳಗೆ ನಮ್ಮವರಿಗೆ ಬಂಗಾರ ಬಂದ ವರ್ಷ ಅದು, ಎಂಬತ್ತನೇ ಇಸವಿ. ನಾಗರ ಪಂಚಮಿಯ ಕುಸ್ತಿಗೆ ಮೊದಲು “ಒಲಿಂಪಿಕ್ಸಿನ ಬಗ್ಗೆ ನಾಕು ಮಾತು ಹೇಳ್ರಿ” ಅಂತ ಹೈಸ್ಕೂಲಿನ ಇತಿಹಾಸದ ಮಾಸ್ತರ ರಾಘಣ್ಣನನ್ನು ಕರೆದಿದ್ದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನ ಪಾಠವನ್ನು ಎಚ್ಚರಿದ್ದು ಕೇಳಿದವರು ಕಡಿಮೆ. ಒಮ್ಮೊಮ್ಮೆ ಅವನಿಗೇ ಜೂಗರಿಕೆ ಬರುತ್ತಿತ್ತು. ಇಲ್ಲಿ ನೋಡಿದರೆ ಐದುನೂರು ಮಂದಿ ಕಣ್ಣು ಬಿಟ್ಟು ಕೂತಿದ್ದಾರೆ! ಅವರು ಕೂತದ್ದು ಕುಸ್ತಿಗಾಗಿ ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ.

“ಗ್ರೀಸ್ ಅಂದ್ರ ಬರೇ ಗುಡ್ಡ,” ಅಂತ ಶುರು ಮಾಡಿದ. “ಗುಡ್ಡದ ನಡುನಡುವ ಒಂದೊಂದು ಊರು. ಒಂದೊಂದು ಊರೂ ಒಂದೊಂದು ದೇಶ! ಅಂದ್ರ ಹ್ಯಾಂಗ? ಹಾನಗಲ್ಲ ಒಂದು ದೇಶ, ಸವಣೂರ ಒಂದು ದೇಶ, ಹಿರೇಕೆರೂರ ಒಂದು ದೇಶ, ನಮ್ಮ ಶಿಗ್ಗಾಂವಿ ಒಂದು ದೇಶ. ಅವರವರ ಕಾಯ್ದೆ ಅವರಿಗೆ, ಅವರವರ ನಾಣ್ಯ ಅವರಿಗೆ.”

“ಸವಣೂರಿಗೆ ಮಗಳನ್ನ ಕೊಟ್ಟೇನ್ರಿ ಸರ, ಪರದೇಶಕ್ಕ ಕೊಟ್ಟಂಗ ಆತೇನು?” ಅಂತ ಮುಂದಿನ ಸಾಲಿನಿಂದ ಟೇಲರ್ ಶೇಖಸಾಬ ಕೇಳಿದ. ಮಂದಿ ಘೊಳ್ಳೆಂದು ನಕ್ಕರು. ನಕ್ಕದ್ದು ತನ್ನ ಭಾಷಣಕ್ಕೆ ಅಂದುಕೊಂಡು ರಾಘಣ್ಣ ಉಬ್ಬಿದ.

“ಹೌದ! ಈ ದೇಶಗಳು ಒಂದಕ್ಕೊಂದು ಸದಾ ಬಡಿದಾಡ್ತಿದ್ವು. ಆದ್ರ ನಾಕು ವರ್ಷಕ್ಕೊಮ್ಮೆ ಬಡಿದಾಟ ಬಿಟ್ಟು ಕುಸ್ತಿಗೆ ಕೂಡ್ತಿದ್ವು. ಗೆದ್ದವಗ ಏನು ಕೊಡ್ತಿದ್ರು? ಬೆಳ್ಳೀನೋ? ಬಂಗಾರಾನೋ? ಅಲ್ಲ! ಎಲಿ! ಆಲಿವ್ ಅನ್ನೋ ಗಿಡದ ಎಲಿ ಕಿರೀಟ!”

ಸಂಘದ ಅಧ್ಯಕ್ಷ ಉಳವಪ್ಪ, ಪೇಟೆಯ ಕಿರಾಣಿ ಅಂಗಡಿಯವ, ಅಲ್ಲಿಯವರೆಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದವ ನೆಟ್ಟಗೆ ಕೂತ. ಗೆದ್ದವನಿಗೆ ಬೆಳ್ಳಿ ಕಡಗ ಕೊಡುವುದಾಗಿ ಅವನು ಡಂಗುರ ಹೊಡೆಸಿದ್ದ. ಆ ವರ್ಷವೋ, ದರ ಏರಿ ಬೆಳ್ಳಿ ಮುಟ್ಟಿದರೆ ಕೈ ಸುಡುತ್ತಿತ್ತು. ತಾನೇ ಎದ್ದು ಬಂದು ಮಾಸ್ತರನ ಮುಂದೆ ಎರಡನೇ ಲೋಟ ನೀರಿಟ್ಟ.

ಆ ನೀರು ಗಂಟಲಲ್ಲಿ ಇಳಿದ ಮೇಲೆ ರಾಘಣ್ಣನಿಗೆ ಬರೀ ಎಲೆ ಸಪ್ಪೆ ಅನಿಸಿತು. “ಅಷ್ಟ ಅಲ್ಲ!” ಅಂತ ಟೇಬಲ್ ಗುದ್ದಿದ. “ಊರ ನಟ್ಟನಡುವ ಒಂದು ಮನಿ ಇರ್ತಿತ್ತು. ಆ ಮನಿ ಒಲಿ ಎಂದೂ ಆರ್ತಿದ್ದಿಲ್ಲ. ಗೆದ್ದ ಪೈಲವಾನಗ ಆ ಮನಿಯೊಳಗ ಸಾಯೂತನಕ ಊಟ!”

ಬಂಕಾಪುರದ ಗಿರಿಯಪ್ಪ ಪೈಲವಾನ ಅವತ್ತು ಗೆದ್ದ. “ಆಲಿವ್ ಎಲ್ಲಿಂದ ತರೂದು, ಬೇವು ನಡೀತೈತಿ” ಅಂತ ಉಳವಪ್ಪ ಬೇವಿನ ತಪ್ಪಲನ್ನು ಸುತ್ತಿ ಅವನ ತಲೆಗಿಟ್ಟು ಕೈ ತೊಳಕೊಂಡ.

ಮರುದಿನ ಮುಂಜಾನೆ ರಾಘಣ್ಣ ಪಡಸಾಲೆಯಲ್ಲಿ ಉಂಡಿಯ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಪುಟಾಣಿ ಉಂಡಿ, ಗುಳ್ಳಡಕಿ ಉಂಡಿ. ಹೆಂಡತಿ ಪದ್ಮಾಬಾಯಿಯ ಕೈ ಉಂಡಿ ಅಂದರೆ ಅವನಿಗೆ ಜೀವ. ಗಂಡಹೆಂಡಿರಿಬ್ಬರೇ ಇದ್ದ ಮನೆ, ಪಾಲಿಗೆ ಯಾರೂ ಬರುವವರಿಲ್ಲ. ದಿನಕ್ಕೆ ಎರಡರಂತೆ ಗೋಕುಲಾಷ್ಟಮಿತನಕ ಸಾಗಿಸಬೇಕು ಅಂತ ವರ್ಷವಿಡೀ ಕಾದಿರುತ್ತಿದ್ದ. ಪ್ರಪಂಚದಲ್ಲಿ ಅವನು ಯಾರಿಗೂ ಬಿಟ್ಟುಕೊಡದ ವಸ್ತು ಇದೊಂದೇ. ಮೊದಲನೇ ಉಂಡಿ ಬಾಯಿಗೆ ಒಯ್ಯುವಷ್ಟರಲ್ಲಿ ಬಾಗಿಲಿನ ಬೆಳಕು ಹೋಯಿತು.

ಗಿರಿಯಪ್ಪ ನಿಂತಿದ್ದ. ತಲೆಯ ಮೇಲೆ ಬಾಡಿದ ಬೇವಿನ ಕಿರೀಟ, ಕೈಯಲ್ಲಿ ತಾಟು, ತಂಬಿಗೆ.

“ನಮಸ್ಕಾರ್ರಿ ಸರ. ನಾ ನಿಮ್ಮ ಶಿಷ್ಯಾರಿ. ಒಂಬತ್ತನೇತ್ತಾ ಎರಡ ಸಲ ಫೇಲಾಗಿ ಸಾಲಿ ಬಿಟ್ಟೇನಿ.”

“ಛಲೋ ಆತು. ಏನು ಬಂದಿ?”

“ಊಟಕ್ಕರಿ.”

“ಯಾರ ಊಟಕ್ಕ?”

“ನಂದರಿ. ಸಾಯೂತನಕದ್ದು.”

ರಾಘಣ್ಣ ಉಂಡಿಯನ್ನು ಡಬ್ಬಿಗೆ ಹಾಕಿ, ಡಬ್ಬಿಯ ಬಾಯಿ ಬಿಗಿದು, ಪೈಲವಾನನನ್ನು ಕರಕೊಂಡು ನೆಟ್ಟಗೆ ಉಳವಪ್ಪನ ಅಂಗಡಿಗೆ ಹೋದ.

“ಏನ್ರಿ ಉಳವಪ್ಪ, ಇದೇನು ಹುಡುಗಾಟ? ಅದು ಗ್ರೀಸಿನ ಮಾತು! ಎರಡೂವರಿ ಸಾವಿರ ವರ್ಷದ ಹಿಂದಿಂದು!”

“ಎಲಿ ಕಿರೀಟಾನೂ ಅಷ್ಟ ಹಿಂದಿಂದರಿ,” ಅಂದ ಉಳವಪ್ಪ, ಬೆಲ್ಲದ ಪೆಂಟೆಯ ಮೇಲಿನ ನೊಣ ಹೊಡೆಯುತ್ತ. “ಅದನ್ನ ನಾ ನಡಸೇನಿಲ್ಲೋ? ನನ್ನ ಪಾಲಿಂದು ಮುಗೀತು. ಊಟದ್ದು ನೀವು ನೋಡ್ರಿ.”

“ಅದನ್ನ ಊರು ಕೊಡಬೇಕು! ಊರ ನಡುವಿನ ಮನಿಯೊಳಗ!”

ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಶೇಖಸಾಬ ಕೊರಳೊಳಗಿನ ಟೇಪು ತೆಗೆದ. ಯಾರದೇ ತಂಟೆ ಇರಲಿ, ಅಳತೆ ತೆಗೆಯದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. “ಈ ಕಡೆ ಬಸ್ ಸ್ಟ್ಯಾಂಡ, ಆ ಕಡೆ ಕೆರಿ,” ಅಂತ ಟೇಪನ್ನು ಗಾಳಿಯಲ್ಲಿ ಹಿಡಿದು ಬೆರಳು ನಡುವೆ ಇಟ್ಟ. “ನಟ್ಟನಡುವ ಯಾರ ಮನಿ ಬಂತ್ರಿ? ನಿಮ್ಮದ!”

“ಒಲಿ ಆರಬಾರದು ಅಂತ ಹೇಳೇನಿ ನಾ!”

“ದಿನಕ್ಕ ಎಂಟು ಸಲ ಚಾ ಕುಡಿಯೋ ಮನಿ ಒಲಿ ಯಾವಾಗ ಆರ್ತೈತ್ರಿ? ನಿಮ್ಮ ಮನಿ ಎದುರಿಗೆ ಮಿಷನ್ ಇಟ್ಟು ಕುಂತು ಹೊಗಿ ಕುಡಿಯಾಕತ್ತೇನಿ, ನನಗ ಗೊತ್ತಿಲ್ಲೇನು?”

ತೀರ್ಪು ಆಯಿತು. ದಾರಿಯುದ್ದಕ್ಕೂ ರಾಘಣ್ಣ ತನ್ನನ್ನು ತಾನೇ ಬೈದುಕೊಂಡ. ಎರಡೂವರೆ ಸಾವಿರ ವರ್ಷ ಸುಮ್ಮನೆ ಮಲಗಿದ್ದ ಗ್ರೀಕರನ್ನು ಎಬ್ಬಿಸಿ ಮನೆಗೆ ಕರಕೊಂಡು ಬಂದ ಮೂರ್ಖ ಬೇರೆ ಯಾರು? ಇರಲಿ, ಪದ್ಮಾಬಾಯಿ ಇದ್ದಾಳಲ್ಲ! ಬೇಡಲು ಬಂದ ಬೆಕ್ಕಿಗೂ ಲೆಕ್ಕ ಕೇಳುವ ಹೆಂಗಸು. ಅವಳು ಒಮ್ಮೆ ಸೌಟು ತೋರಿಸಿದರೆ ಪೈಲವಾನ ಬಂಕಾಪುರದ ಕೋಟೆಯಲ್ಲಿ ಅಡಗಬೇಕು.

ಪದ್ಮಾಬಾಯಿ ಸೌಟು ಹಿಡಿದೇ ಬಂದಳು. ಗಿರಿಯಪ್ಪ ಕಿರೀಟ ತೆಗೆದು ಕೈ ಮುಗಿದ. “ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಪಂಚಮಿಗೆ ತಮ್ಮ ಬಂದಾನ ಅಂತ ತಿಳೀರಿ.”

ಸೌಟು ಅರ್ಧಕ್ಕೇ ನಿಂತಿತು. ಪದ್ಮಾಬಾಯಿ ಒಬ್ಬಳೇ ಮಗಳು, ಅಣ್ಣತಮ್ಮಂದಿರಿಲ್ಲ. ಪ್ರತಿ ಪಂಚಮಿಗೆ ಓಣಿಯ ಹೆಂಗಸರನ್ನು ಅವರವರ ತಮ್ಮಂದಿರು ತವರಿಗೆ ಕರಕೊಂಡು ಹೋಗುವುದನ್ನು ಹೊಸ್ತಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳನ್ನು ಕರೆಯಲು ಯಾರೂ ಬಂದಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

“ಕೂಡಪ್ಪಾ,” ಅಂದಳು. “ಕೈಕಾಲು ತೊಳಕೋ. ರೀ, ಆ ಡಬ್ಬಿ ಇತ್ತಾಗ ಕೊಡ್ರಿ.”

ಡಬ್ಬಿ ಹೋಯಿತು. ಗಿರಿಯಪ್ಪ ಮೊದಲ ಉಂಡಿಯನ್ನು ಹಾಗೇ ಬಾಯಿಗೆಸೆದು ಕಣ್ಣು ಮುಚ್ಚಿದ. “ಅಕ್ಕಾರ! ಇಂಥಾ ಉಂಡಿ ನಮ್ಮವ್ವಾನೂ ಮಾಡಿದ್ದಿಲ್ಲರಿ!” ಪದ್ಮಾಬಾಯಿಯ ಮುಖ ಅರಳಿತು. ಇಪ್ಪತ್ತು ವರ್ಷ ಉಂಡಿ ತಿಂದ ಗಂಡನ ಬಾಯಿಂದ “ಬೆಲ್ಲ ಸ್ವಲ್ಪ ಕಡಿಮಿ ಆಗ್ಯದ” ಅನ್ನುವುದನ್ನು ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ರಾಘಣ್ಣನಿಗೆ ಅದು ಈಗ ನೆನಪಾಯಿತು. ಆದರೆ ಈಗ ಹೊಗಳಿದರೆ ಯಾರು ನಂಬುತ್ತಾರೆ? ಪೈಲವಾನ ನಲವತ್ತೊಂದು ಉಂಡಿ ತಿಂದು, ಮೇಲೆ ತುಪ್ಪ ಅನ್ನ ಉಂಡು, ಒಂದು ತಂಬಿಗೆ ಹಾಲು ಕುಡಿದ. ಬರಿದಾದ ಡಬ್ಬಿಯನ್ನು ಪದ್ಮಾಬಾಯಿ ಕೆಳಗಿಟ್ಟಾಗ ಬಂದ ಸಪ್ಪಳ ರಾಘಣ್ಣನ ಎದೆಗೇ ಬಡಿಯಿತು. ಅವನಿಗೆ ಒಂದು ರೊಟ್ಟಿ, ಉಪ್ಪಿನಕಾಯಿ ಸಿಕ್ಕಿತು.

“ರಾತ್ರಿಗೆ ಏನ್ ಮಾಡ್ಲಿ ತಮ್ಮಾ?” ಅಂತ ಪದ್ಮಾಬಾಯಿ ಕೇಳಿದ್ದು ಕಿವಿಗೆ ಬಿದ್ದಾಗ ರಾಘಣ್ಣ ಎದ್ದು ಕಪಾಟಿನಿಂದ ಪುಸ್ತಕ ಇಳಿಸಿದ. ಹುಡುಕಿದ, ಹುಡುಕಿದ. ಸಿಕ್ಕಿತು!

“ಗಿರಿಯಪ್ಪಾ! ಅವರವರ ಪೈಲವಾನಗ ಅವರವರ ಊರ ಉಣಸಬೇಕು ಅಂತ ಅದ. ನಿಂದು ಬಂಕಾಪುರ. ಬ್ಯಾರೆ ದೇಶ!”

“ಬಂಕಾಪುರ ಶಿಗ್ಗಾಂವಿ ತಾಲೂಕಿಗ ಬರ್ತೈತಲ್ರಿ ಸರ. ನೀವ ಭೂಗೋಳದಾಗ ಕಲಿಸಿದ್ರಿ.”

ಒಂಬತ್ತನೇ ಇಯತ್ತೆ ಎರಡು ಸಲ ಫೇಲಾದವನಿಗೆ ನೆನಪಿದ್ದ ಒಂದೇ ಪಾಠ ಇದಾಗಬೇಕೆ! ಆಗ ರಾಘಣ್ಣ ತನ್ನ ನೌಕರಿಯಲ್ಲೇ ಮೊದಲ ಸಲ ಇತಿಹಾಸಕ್ಕೆ ಸುಳ್ಳು ಹೊಲಿದ. “ಇನ್ನೊಂದು ಕಾಯ್ದೆ ಅದ. ಮರುದಿನ ಹೊತ್ತು ಮುಣಗೂದ್ರಾಗ ಯಾರರ ಬಂದು ನಿನ್ನ ಚಿತ್ ಮಾಡಿದ್ರ, ನಿನ್ನ ಕಿರೀಟಾನೂ ಅವರದ, ನಿನ್ನ ಊಟಾನೂ ಅವರದ.”

“ಆಗ್ಲಿರಿ. ನಾ ಒಲ್ಲೆ ಅಂದೇನೇನು?” ಅಂತ ಗಿರಿಯಪ್ಪ ಗೋಡೆಗೆ ಒರಗಿ ಗೊರಕೆ ಹೊಡೆದ.

ರಾಘಣ್ಣನ ಲೆಕ್ಕ ಸರಳ. ಸವಣೂರಿನವನೋ ಹಾನಗಲ್ಲಿನವನೋ ಬಂದು ಗಿರಿಯಪ್ಪನನ್ನು ಕೆಡವಿದರೆ ಊಟ ಆ ದೇಶಕ್ಕೆ ಹೋಗುತ್ತದೆ. ಡಬ್ಬಿ ತನಗೆ ಉಳಿಯುತ್ತದೆ. ಶೇಖಸಾಬನ ಕೈಕಾಲು ಹಿಡಿದ. ಶೇಖಸಾಬ ಬಸ್ ಸ್ಟ್ಯಾಂಡಿಗೆ ಓಡಿ ಸವಣೂರು, ಹಾನಗಲ್ಲು, ಹಿರೇಕೆರೂರು ಮೂರೂ ಬಸ್ಸಿನ ಕಂಡಕ್ಟರರ ಹತ್ತಿರ ಸುದ್ದಿ ಕಳಿಸಿದ: ಕೂಡಲೇ ಪೈಲವಾನರನ್ನು ಕಳಿಸಿರಿ, ಗೆದ್ದವರಿಗೆ ಸಾಯೂತನಕ ಊಟ. ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೂ ಬಂದ.

ಸಂಜೆ ಐದಕ್ಕೆ ಗರಡಿಯ ಕಣದ ಸುತ್ತ ಊರೇ ಕೂಡಿತ್ತು. ಬಸ್ಸುಗಳು ಬಂದವು, ಹೋದವು. ಒಬ್ಬ ಪೈಲವಾನನೂ ಇಳಿಯಲಿಲ್ಲ. ಹೊತ್ತು ಕೆಂಪಗಾಯಿತು.

“ಮಂದಿ ಕಾಯಾಕತ್ತೇತ್ರಿ,” ಅಂದ ಶೇಖಸಾಬ. “ನೀವ ಇಳೀರಿ.”

“ನಾನ?”

“ಕಾಯ್ದೆ ಹೇಳಿದಾವ್ರು ನೀವು. ಯಾರರ ಅಂದ್ರ ಯಾರರ.” ಅಷ್ಟರಲ್ಲಿ ಅವನು ಮಾಸ್ತರನ ಕನ್ನಡಕ ಕಳಚಿ ಜೇಬಿಗೆ ಹಾಕಿಕೊಂಡಿದ್ದ. ಇನ್ನಾರೋ ಅಂಗಿ ಬಿಚ್ಚಿದರು. ನಲವತ್ತಾರು ಕಿಲೋದ ರಾಘಣ್ಣ ಜನಿವಾರ, ಕಚ್ಚೆಪಂಚೆಯಲ್ಲಿ ಕೆಂಪು ಮಣ್ಣಿಗೆ ಇಳಿದ. ಕನ್ನಡಕವಿಲ್ಲದೆ ಎದುರಿಗೆ ಬರುತ್ತಿದ್ದುದು ಪೈಲವಾನನೋ ಹಾಲಿನ ಲಾರಿಯೋ ಅವನಿಗೆ ತಿಳಿಯಲಿಲ್ಲ. ರಾಯರನ್ನು ನೆನೆದ, ಪದ್ಮಾಬಾಯಿಯನ್ನು ನೆನೆದ, ಕೊನೆಗೆ ಉಂಡಿಯನ್ನು ನೆನೆದ.

ಗರಡಿಯಲ್ಲಿ ಒಂದು ಪದ್ಧತಿ ಇದೆ. ಕೈ ಹಿಡಿಯುವ ಮೊದಲು ಹಿರಿಯರ ಕಾಲು ಮುಟ್ಟಬೇಕು. ಎದುರಿಗೆ ನಿಂತವ ಗುರು ಬೇರೆ. ಗಿರಿಯಪ್ಪ ಭಕ್ತಿಯಿಂದ ಬಗ್ಗಿದ. ನಲವತ್ತೊಂದು ಉಂಡಿ ಬಗ್ಗಲಿಲ್ಲ. ಅರ್ಧಕ್ಕೆ ಸಿಕ್ಕಿಕೊಂಡು, “ಅಯ್ಯಯ್ಯೋ” ಅಂತ ಹಿಂದಕ್ಕೆ ನೆಟ್ಟಗಾಗಲು ಹೋಗಿ ತೋಲ ತಪ್ಪಿ ಅಂಗಾತ ಬಿದ್ದ. ತನ್ನನ್ನು ಹಿಡಿಯಲು ಬಂದನೆಂದು ಓಡಲು ಹೊರಟ ರಾಘಣ್ಣ, ಕಣ್ಣು ಕಾಣದೆ ದಿಕ್ಕು ತಪ್ಪಿ ಅವನ ಎದೆಯ ಮೇಲೇ ಎಡವಿ ಬಿದ್ದ.

ತೀರ್ಪು ಕೊಡಲು ನಡುವೆ ನಿಂತಿದ್ದ ಗರಡಿಯ ವಸ್ತಾದ ಶಹಾಬುದ್ದೀನ ಬಗ್ಗಿ ನೋಡಿದ. ಎರಡೂ ಭುಜ ಮಣ್ಣಿಗೆ ಹತ್ತಿದ್ದವು. ಕೈ ಎತ್ತಿ ಕೂಗಿದ: “ಚಿತ್!”

ಹಲಗೆ ಬಡಿದರು, ಸೀಟಿ ಹೊಡೆದರು. ಬೇವಿನ ಕಿರೀಟ ರಾಘಣ್ಣನ ತಲೆಗೆ ಬಂತು. ಸಡಿಲಾಗಿ ಕಿವಿಯ ಮೇಲೆ ಕೂತಿತು. ಉಳವಪ್ಪನ ಹೆಗಲ ಮೇಲೆ ಕೂತು ಪೇಟೆಯಲ್ಲಿ ಮೆರೆಯುವಾಗ ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಕಿರೀಟವೂ ತನ್ನದು, ಊಟವೂ ತನ್ನದು, ಮನೆಯೂ ತನ್ನದು! ಇಡೀ ಗ್ರೀಸಿನಲ್ಲಿ ಇಂಥ ಗೆಲುವು ಯಾರಿಗೆ ಸಿಕ್ಕಿದೆ?

ಮನೆಗೆ ಬಂದರೆ ಪಡಸಾಲೆಯಲ್ಲಿ ಗಿರಿಯಪ್ಪ ತಾಟಿನ ಮುಂದೆ ಕೂತಿದ್ದ. ಪದ್ಮಾಬಾಯಿ ಬಿಸಿ ಬಿಸಿ ರವೆ ಉಂಡಿ ಕಟ್ಟಿ ಕಟ್ಟಿ ಹಾಕುತ್ತಿದ್ದಳು.

“ಇವಾ ಯಾಕ ಇಲ್ಲಿ? ಸೋತಾನಲ್ಲ!”

“ಸೋತ ತಮ್ಮಗ ಅಕ್ಕ ಉಣಸಬಾರದು ಅಂತ ಯಾವ ಗ್ರೀಸಿನಾಗ ಅದ?” ಅಂದಳು ಪದ್ಮಾಬಾಯಿ. “ಪಾಪ, ಬೆನ್ನಿಗೆ ಪೆಟ್ಟಾಗ್ಯದ.”

“ಆತು, ಉಣ್ಣಲಿ. ನನಗೂ ಹಾಕು.” ರಾಘಣ್ಣ ಮಣೆ ಎಳಕೊಂಡ.

ಅಷ್ಟರಲ್ಲಿ ಬಾಗಿಲಿಗೆ ಶೇಖಸಾಬ ಓಡುತ್ತ ಬಂದ. “ಸರ, ಕಡೀ ಬಸ್ಸಿಗೆ ಜವಾಬ ಬಂದೈತ್ರಿ! ಇವತ್ತ ಆಗಲಿಲ್ಲಂತ, ನಿಮ್ಮ ಹೊತ್ತು ಮುಣಗೂ ಕಾಯ್ದೆ ಅವರು ಒಪ್ಪಂಗಿಲ್ಲಂತ. ಈ ಐತವಾರ ಸವಣೂರ ಪೈಲವಾನ ಬರ್ತಾನ, ಮುಂದಿನ ಐತವಾರ ಹಾನಗಲ್ಲಾಂವ, ಅದರ ಮುಂದ ಹಿರೇಕೆರೂರಾಂವ. ಮೂರೂ ದೇಶ ಎದ್ದಾವು! ಶಿಗ್ಗಾಂವಿ ಮರ್ಯಾದಿ ನಿಮ್ಮ ಕೈಯಾಗೈತಿ ಅಂತ ಉಳವಪ್ಪ ಹೇಳಿ ಕಳಿಸ್ಯಾನ.”

ರಾಘಣ್ಣ ಕಿವಿಯ ಮೇಲಿನ ಕಿರೀಟ ತೆಗೆದು ಮಣೆಯ ಹಿಂದೆ ಸರಿಸಿದ. ಗಿರಿಯಪ್ಪ ಅವನ ಬೆನ್ನ ಮೇಲೆ ಕೈ ಇಟ್ಟ.

“ಹೆದರಬ್ಯಾಡ್ರಿ ಸರ. ನೀವು ನನಗ ಅಕ್ಷರಾ ಕಲಿಸೀರಿ, ನಾ ನಿಮಗ ಪಟ್ಟು ಕಲಿಸ್ತೇನಿ. ಇವತ್ತಿಂದ ಇಲ್ಲೇ ಇರ್ತೇನಿ. ಮುಂಜಾನಿ ನಾಕಕ್ಕ ಏಳಬೇಕ್ರಿ, ಐದನೂರು ಬೈಠಕ್ ಹೊಡೀಬೇಕು. ಹೊಟ್ಟಿ ತುಂಬ ಮಾತ್ರ ಉಣಬ್ಯಾಡ್ರಿ. ಹೊಟ್ಟಿ ತುಂಬಿದಾಂವ ಬೀಳ್ತಾನ. ನಾ ಬಿದ್ದೇನಲ್ಲ, ನೋಡೀರಲ್ಲ?”

“ಖರೇ ಅಪ್ಪಾ,” ಅಂತ ಪದ್ಮಾಬಾಯಿ ಗಂಡನ ತಾಟಿಗೆ ಬೀಳಲಿದ್ದ ಉಂಡಿಯನ್ನು ಅಲ್ಲೇ ತಿರುಗಿಸಿ ತಮ್ಮನ ತಾಟಿಗೆ ಹಾಕಿದಳು. “ನಿಮಗ ಒಂದು ಒಣರೊಟ್ಟಿ ಸಾಕಲ್ರಿ? ಚಾನೂ ಇವತ್ತಿಂದ ಬಂದ್.”